ಭಾವಿ ಸದಸ್ಯರೂ ನಮ್ಮ ಫ್ಲೆಕ್ಸ್ ಅಂಗಡಿಯೂ

ಇವತ್ತು ಗಿರಾಕಿಗಳ ಮುಂದೆ ನಗಬಾರದು ಅಂತ ದಿನಾ ಬೆಳಗ್ಗೆ ಅಂಗಡಿಯ ಶಟರ್ ಎತ್ತುವಾಗ ತೀರ್ಮಾನ ಮಾಡುತ್ತೇನೆ. ತಿಂಡಿ ಹೊತ್ತು ಮುಗಿಯುವುದರೊಳಗೆ ಯಾರಾದರೂ ಒಬ್ಬ ಪುಣ್ಯಾತ್ಮರು ಬಂದು ಆ ತೀರ್ಮಾನ ಕೆಡಿಸುತ್ತಾರೆ. ನಮ್ಮದು ದೇವರಾಜ ಮೊಹಲ್ಲಾದ ಒಂದು ಸಂದಿಯಲ್ಲಿ ಫ್ಲೆಕ್ಸ್ ಅಂಗಡಿ. ಕಂಪ್ಯೂಟರ್ ಮುಂದೆ ಕೂತು ಡಿಸೈನ್ ಮಾಡುವವಳು ನಾನು, ಒಳಗಿನ ಮೆಷಿನ್ನಿನಲ್ಲಿ ಪ್ರಿಂಟ್ ತೆಗೆಯುವವರು ನಮ್ಮ ಯಜಮಾನರು. ನಾಮಕರಣ, ಗೃಹಪ್ರವೇಶ, ತಿಥಿ ಎಲ್ಲಕ್ಕೂ ಜನ ಬರುತ್ತಾರೆ. ಆದರೆ ನಮ್ಮ ಒಲೆ ಉರಿಯುವುದು ರಾಜಕೀಯದಿಂದ.

ನಮ್ಮ ಊರಿನ ವಾರ್ಡುಗಳಿಗೆ ಚುನಾವಣೆ ನಡೆಯದೆ ಬಹಳ ಕಾಲವಾಯಿತು. ಹಾಗಂತ ಜನಪ್ರತಿನಿಧಿಗಳಿಗೆ ಬರವಿಲ್ಲ. ಮಾಜಿ ಸದಸ್ಯರು ಇದ್ದಾರೆ, ಅವರಿಗಿಂತ ಹೆಚ್ಚಾಗಿ ಭಾವಿ ಸದಸ್ಯರು ಇದ್ದಾರೆ. ಹಾಲಿ ಅನ್ನುವ ತಳಿ ಮಾತ್ರ ಸದ್ಯಕ್ಕೆ ಸಿಗುತ್ತಿಲ್ಲ. ಚುನಾವಣೆ ಇವತ್ತು ಬಂತು, ನಾಳೆ ಬಂತು ಅಂತ ಸುದ್ದಿ ಎದ್ದಾಗಲೆಲ್ಲ ಈ ಭಾವಿಗಳು ನಮ್ಮ ಅಂಗಡಿಗೆ ನುಗ್ಗುತ್ತಾರೆ.

ಅವರಲ್ಲಿ ನಮ್ಮ ಖಾಯಂ ಗಿರಾಕಿ ನಜರ್‌ಬಾದಿನ ಶಾಮಿಯಾನದವರು. ಅವರ ತಂದೆಯವರು ನರಸೀಪುರದ ಕಡೆ ಬೇಸಾಯ ಮಾಡಿಕೊಂಡಿದ್ದವರು. ಇವರು ಓದಲು ಮೈಸೂರಿಗೆ ಬಂದು, ಆಮೇಲೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ ಹಿಡಿದರು. ಯಾವ ಪಕ್ಷದ ಸಭೆಯಾದರೂ ಅವರದೇ ಶಾಮಿಯಾನ, ಅವರದೇ ಕುರ್ಚಿ. ಹೀಗೆ ಊರಿನ ಲೀಡರುಗಳಿಗೆಲ್ಲ ಕುರ್ಚಿ ಹಾಕಿ ಹಾಕಿ ಒಂದು ದಿನ ತಮಗೂ ಒಂದು ಬೇಕು ಅನ್ನಿಸಿತು. ಅದರಲ್ಲಿ ತಪ್ಪೇನಿಲ್ಲ. ಅವರಿಗೆ ಬೇಕಾಗಿದ್ದು ತಮ್ಮ ವಾರ್ಡಿಗೆ ಪಕ್ಷದ ಟಿಕೆಟ್, ಅಷ್ಟೇ. ಟಿಕೆಟ್ ಸಿಗಬೇಕಾದರೆ ಮುಖ ಜನರ ಕಣ್ಣಿಗೆ ಬೀಳುತ್ತಿರಬೇಕು ಅಂತ ಅವರಿಗೆ ಯಾರೋ ಹೇಳಿದ್ದರು. ಅವತ್ತಿನಿಂದ ಅವರ ಮುಖವನ್ನು ಅವರ ಹೆಂಡತಿಗಿಂತ ಹೆಚ್ಚು ಹೊತ್ತು ನೋಡಿದವಳು ನಾನು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಅನ್ನುತ್ತಾರೆ. ರಾಜಕೀಯಕ್ಕೆ ಇಳಿದವರಿಗೆ ಊರಿನ ಹೆಂಗಸರೆಲ್ಲ ಅಕ್ಕಂದಿರೇ.

ತಲೆ ಬದಲಾವಣೆ

ರಸ್ತೆಯಲ್ಲಿ ಹೋಗುವವರಿಗೆ ಫ್ಲೆಕ್ಸ್ ಒಂದು ಬ್ಯಾನರು. ಹಾಕಿಸುವವರಿಗೆ ಅದು ಜಾತಕ. ನಡುವೆ ಹುಟ್ಟುಹಬ್ಬದ ನಾಯಕರು ಕೈ ಮುಗಿದು ನಿಂತಿರಬೇಕು. ಮೇಲೆ ರಾಜ್ಯದ ದೊಡ್ಡವರು ದುಂಡು ಚೌಕಟ್ಟಿನಲ್ಲಿ. ಕೆಳಗೆ ಶುಭ ಕೋರುವವರು ಅಂತ ಸಣ್ಣ ತಲೆಗಳ ಸಾಲು, ಸಂತೆಯಲ್ಲಿ ನಿಂಬೆಹಣ್ಣು ಗುಡ್ಡೆ ಹಾಕಿದ ಹಾಗೆ. ಯಾರ ತಲೆ ಯಾರ ತಲೆಗಿಂತ ದೊಡ್ಡದಿರಬೇಕು ಅನ್ನುವುದರ ಮೇಲೆ ಸಂಬಂಧಗಳು ನಿಂತಿರುತ್ತವೆ. ಪಕ್ಕದವನ ತಲೆ ಬೆರಳಗಲ ದೊಡ್ಡದಾಯಿತು ಅಂತ ಬಾಲ್ಯ ಸ್ನೇಹಿತರಿಬ್ಬರು ಮಾತು ಬಿಟ್ಟಿದ್ದನ್ನು ನಾನೇ ನೋಡಿದ್ದೇನೆ.

ಒಂದು ಸಲ ಶಾಮಿಯಾನದವರು ದೊಡ್ಡ ನಾಯಕರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕೊಟ್ಟಿದ್ದರು. ನಾಯಕರ ಬಲಗಡೆ ಒಬ್ಬ ಮರಿ ನಾಯಕರು ಇರಬೇಕು, ಅವರ ಕೃಪೆಯಿಂದಲೇ ಟಿಕೆಟ್ ಬರುವುದು ಅಂದರು. ಹಾಕಿದೆ. ಪ್ರಿಂಟ್ ಅರ್ಧ ಹೊರಗೆ ಬಂದಿತ್ತು, ಅವರ ಫೋನು ಬಂತು. ಮರಿ ನಾಯಕರು ಆಗಷ್ಟೇ ಪಕ್ಷ ಬಿಟ್ಟು ಎದುರು ಪಕ್ಷದ ಶಾಲು ಹೊದ್ದುಕೊಂಡಿದ್ದಾರೆ, ಟಿವಿಯಲ್ಲಿ ಬರುತ್ತಿದೆ, ಮೆಷಿನ್ ನಿಲ್ಲಿಸಿ ಅಂದರು. ನಮ್ಮ ಯಜಮಾನರು ಓಡಿ ಹೋಗಿ ನಿಲ್ಲಿಸಿದರು. ಅಷ್ಟರಲ್ಲಿ ಮರಿ ನಾಯಕರು ಹಣೆಯವರೆಗೆ ಬಂದಿದ್ದರು.

ಬೇರೆ ಯಾರನ್ನು ಹಾಕಲಿ ಅಂತ ಕೇಳಿದೆ. ಅವರ ಜಾಗಕ್ಕೆ ಬಂದ ಹೊಸಬರ ಫೋಟೋ ಕಳಿಸಿದರು. ಪೂರ್ತಿ ಡಿಸೈನ್ ಬದಲಾಯಿಸುವ ಕಷ್ಟವೇ ಇರಲಿಲ್ಲ. ಬಿಳಿ ಶರ್ಟು, ಬಿಳಿ ಪ್ಯಾಂಟು, ಮುಗಿದ ಕೈ ಎಲ್ಲವೂ ಸರಿಯಾಗಿಯೇ ಇದ್ದವು. ಹಳೆಯ ತಲೆ ತೆಗೆದು ಹೊಸ ತಲೆ ಕೂರಿಸಿದೆ, ಕತ್ತು ಕೂಡ ಹೊಂದಿಕೊಂಡಿತು. ನಮ್ಮ ರಾಜಕೀಯ ಎಷ್ಟು ಸುಲಭ ಅಂತ ನನಗೆ ಗೊತ್ತಾಗಿದ್ದು ಅವತ್ತು.

ಫ್ಲೆಕ್ಸ್ ತೆಗೆದುಕೊಂಡು ಹೋಗುವಾಗ ಅವರು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಆ ಹಳೇ ತಲೆನ ಅಳಿಸ್ಬುಡಬೇಡಿ ಅಕ್ಕ. ಮುಂದಿನ ವಾರ ವಾಪಸ್ ಬಂದ್ರೂ ಬಂದಾರು."

ಒಸಿ ಕಳೆ

ಆಮೇಲೆ ಎಐ ಬಂತು. ಮೊದಲೆಲ್ಲ ಒಬ್ಬರ ಮುಖದ ಮೇಲಿನ ಮಚ್ಚೆ ತೆಗೆಯಲು ನನಗೆ ಅರ್ಧ ಗಂಟೆ ಬೇಕಿತ್ತು. ಈಗ ಒಂದು ಗುಂಡಿ ಒತ್ತಿದರೆ ಮಚ್ಚೆ, ಸುಕ್ಕು, ಬೋಳು, ಹೊಟ್ಟೆ ಎಲ್ಲವೂ ಹೋಗುತ್ತವೆ. ಮನುಷ್ಯನೂ ಹೋಗುತ್ತಾನೆ, ಅದನ್ನು ಗಿರಾಕಿಗಳು ಗಮನಿಸುವುದಿಲ್ಲ.

ಶಾಮಿಯಾನದವರು ತಮ್ಮ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಹಾಕಿಸುವಾಗ, ಮುಖಕ್ಕೆ ಎಐನಲ್ಲಿ ಒಸಿ ಕಳೆ ಬರಿಸಿ ಅಂತ ಕೇಳಿದರು. ಬರಿಸಿದೆ. ಸಾಲದು ಅಂದರು. ಇನ್ನೊಂದು ಸಲ ಒತ್ತಿದೆ. ಪರದೆಯ ಮೇಲೆ ಮೂವತ್ತರ ಒಬ್ಬ ಯುವಕ, ಜೇನು ಬಣ್ಣದ ಕೆನ್ನೆ, ಗುಂಗುರು ಕೂದಲು, ಕೈ ಮುಗಿದು ನಗುತ್ತಿದ್ದ. ನನಗೆ ಅವನು ಯಾರೆಂದು ಗೊತ್ತಿರಲಿಲ್ಲ. ಅವರಿಗೆ ಕಣ್ಣಲ್ಲಿ ನೀರು ಬಂತು. ಈಗ ನಾನು ನನ್ನ ಹಾಗೆ ಕಂಡೆ ಅಂದರು.

ಫ್ಲೆಕ್ಸನ್ನು ಅವರ ಬೀದಿಯ ಸರ್ಕಲ್ಲಿನಲ್ಲಿ ಕಟ್ಟಿಸಿದರು. ಅನುಮತಿ ತೆಗೆದುಕೊಂಡಿರಲಿಲ್ಲ. ಅಲ್ಲಿಯೇ ಒಂದು ಕಂಬಕ್ಕೆ ಫ್ಲೆಕ್ಸ್ ಹಾಕಬಾರದು ಅನ್ನುವ ಎಚ್ಚರಿಕೆ ಇತ್ತು. ಅದನ್ನೂ ಫ್ಲೆಕ್ಸಿನಲ್ಲೇ ಪ್ರಿಂಟ್ ಮಾಡಿದ್ದರು. ಮಾರನೇ ದಿನ ಪಾಲಿಕೆಯಿಂದ ತೆರವು ಮಾಡುವವರು ಜೀಪಿನಲ್ಲಿ ಬಂದರು. ಶಾಮಿಯಾನದವರು ಆಗ ತಮ್ಮದೇ ಫ್ಲೆಕ್ಸಿನ ಕೆಳಗೆ, ಯಾರಾದರೂ ಗುರುತು ಹಿಡಿದು ನಮಸ್ಕಾರ ಹೇಳಲಿ ಅಂತ ಬೆಳಗಿನಿಂದ ನಿಂತಿದ್ದರು. ಯಾರೂ ಹೇಳಿರಲಿಲ್ಲ. ಜೀಪಿನಿಂದ ಇಳಿದ ಅಧಿಕಾರಿ ಫೋಟೋ ತೋರಿಸಿ, ಈ ಹುಡುಗ ಎಲ್ಲಿ ಸಿಗುತ್ತಾನೆ, ದಂಡ ಹಾಕಬೇಕು ಅಂತ ಅವರನ್ನೇ ಕೇಳಿದರು.

ಇವರು ಎರಡು ಕ್ಷಣ ಯೋಚನೆ ಮಾಡಿದರು. ಆಮೇಲೆ, ಗೊತ್ತಿಲ್ಲ ಸಾರ್, ಈಗಿನ ಹುಡುಗರು ಒಂದು ಕಡೆ ನಿಲ್ಲುವುದಿಲ್ಲ ಅಂದರು. ಫ್ಲೆಕ್ಸ್ ಎತ್ತರದಲ್ಲಿತ್ತು, ಬಂದವರ ಹತ್ತಿರ ಏಣಿ ಇರಲಿಲ್ಲ. ಶಾಮಿಯಾನ ಕಟ್ಟುವ ಏಣಿಯನ್ನು ಇವರೇ ಗೋಡೌನಿನಿಂದ ತರಿಸಿಕೊಟ್ಟರು. ತಮ್ಮ ಫ್ಲೆಕ್ಸ್ ಇಳಿಸುವಾಗ ಏಣಿಯ ಕಾಲನ್ನೂ ಹಿಡಿದುಕೊಂಡರು. ಹೋಗುವಾಗ ಆ ಅಧಿಕಾರಿ ಇವರ ಕೈ ಕುಲುಕಿ, "ನಿಮ್ಮಂಥ ಜವಾಬ್ದಾರಿ ಇರೋರು ಎಲೆಕ್ಷನ್ನಿಗೆ ನಿಲ್ಲಬೇಕು ನೋಡಿ, ಇಂಥ ಪೋಲಿಗಳಲ್ಲ" ಅಂದರಂತೆ.

ಇನ್ನೂ ಬೇಕಿದ್ದರೆ ತಿಳಿಸಿ

ಮುಖದ ಕಥೆ ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ನನ್ನ ಅಸಲಿ ಮುಖವೇ ಇರಲಿ ಅಂದರು. ಎಐ ಸಹವಾಸ ಬಿಟ್ಟರೇನೋ ಅಂದುಕೊಂಡೆ. ಬಿಡಲಿಲ್ಲ, ಮುಖದಿಂದ ಮಾತಿಗೆ ಇಳಿದರು.

ಮೊದಲು ಘೋಷಣೆ, ಕವನ ಎಲ್ಲ ಬರೆದುಕೊಡುತ್ತಿದ್ದವಳು ನಾನು. ಜನಸೇವೆಯೇ ಜನಾರ್ದನ ಸೇವೆ ಅಂತ ಹಾಕಿದರೆ ಎಲ್ಲರಿಗೂ ಹೊಂದುತ್ತಿತ್ತು. ಈಗ ಎಲ್ಲರೂ ಫೋನಿಗೆ ಹೇಳಿ ಬರೆಸಿಕೊಂಡು ಬರುತ್ತಾರೆ. ಹೊಸ ವರ್ಷಕ್ಕೆ ಶಾಮಿಯಾನದವರು ಹಾಗೆಯೇ ಒಂದು ಸಂದೇಶ ಕಳಿಸಿದರು. ವಾರ್ಡಿನ ಬಂಧುಗಳೇ, ನಿಮ್ಮ ನಂಬಿಕೆಯೇ ನನ್ನ ಉಸಿರು, ನಿಮ್ಮ ನಗುವೇ ನನ್ನ ಬೆಳಕು ಅಂತ ಶುರುವಾಗಿ ಉದ್ದಕ್ಕೆ ಹೋಗಿತ್ತು. ಕಳಿಸಿದ್ದನ್ನು ಒಂದಕ್ಷರವೂ ಬಿಡದೆ ಹಾಗೇ ಹಾಕಿ, ನೀವು ತಿದ್ದಬೇಡಿ ಅಂತ ಫೋನಿನಲ್ಲಿ ಗದರಿದರು. ನನಗೂ ರೇಗಿತು. ಹಾಗೇ ಹಾಕಿದೆ.

ಸಂದೇಶದ ಕೊನೆಯಲ್ಲಿ ಎಐ ತನ್ನ ಅಭ್ಯಾಸದ ಪ್ರಕಾರ ಒಂದು ಸಾಲು ಸೇರಿಸಿತ್ತು. 'ಇದಕ್ಕಿಂತ ಹೆಚ್ಚು ಭಾವುಕವಾಗಿ ಬೇಕಿದ್ದರೆ ತಿಳಿಸಿ, ಬರೆದುಕೊಡುತ್ತೇನೆ.' ಅದೂ ಅವರ ಸಹಿಯ ಮೇಲೆ ದಪ್ಪ ಅಕ್ಷರದಲ್ಲಿ ಪ್ರಿಂಟ್ ಆಯಿತು. ಎಂಟು ಕಡೆ ಕಟ್ಟಿದರು.

ನಾಲ್ಕು ದಿನ ಯಾರೂ ಏನೂ ಹೇಳಲಿಲ್ಲ. ಆಮೇಲೆ ನಮ್ಮ ಯಜಮಾನರಿಗೆ ಪಾಪ ಅನ್ನಿಸಿ ಆ ಸಾಲನ್ನು ಅವರಿಗೆ ತೋರಿಸಿದರು. ಶಾಮಿಯಾನದವರು ಓದಿ, ಇದರಲ್ಲಿ ತಪ್ಪೇನಿದೆ, ಜನರನ್ನು ಕೇಳಿ ಕೆಲಸ ಮಾಡುವ ನಾಯಕ ಅಂತ ಗೊತ್ತಾಗಲಿ ಬಿಡಿ ಅಂದರು. ಜನರೂ ಸುಮ್ಮನಿರಲಿಲ್ಲ. ಹಾಲಿನ ಬೂತಿನ ಹತ್ತಿರ ಕಟ್ಟಿದ್ದ ಫ್ಲೆಕ್ಸಿನ ಕೆಳಗೆ ಯಾರೋ ಸ್ಕೆಚ್ ಪೆನ್ನಿನಲ್ಲಿ ಉತ್ತರ ಬರೆದಿದ್ದರು: 'ಬ್ಯಾಡ ಕಣಣ್ಣ, ಇಷ್ಟೇ ತಡಕೊಳಕ್ಕೆ ಆಯ್ತಾ ಇಲ್ಲ.'

ನಾಯಕರು ಹೇಳದ ಮಾತು

ಟಿಕೆಟ್ಟಿನ ವಿಷಯದಲ್ಲಿ ಇಷ್ಟಾದರೂ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ದೊಡ್ಡ ನಾಯಕರ ಬಾಯಲ್ಲಿ ಒಂದು ಸಲ ತಮ್ಮ ಹೆಸರು ಬಂದುಬಿಟ್ಟರೆ ಸಾಕು ಅಂತ ಅವರು ಕೊರಗುತ್ತಿದ್ದರು. ನಾಯಕರ ಸಭೆಗೆ ಎಷ್ಟು ಸಲ ಶಾಮಿಯಾನ ಹಾಕಿದ್ದರೂ ಅವರು ಇವರನ್ನು ಕರೆಯುತ್ತಿದ್ದುದು 'ಏಯ್, ಫ್ಯಾನು ಈ ಕಡೆ ತಿರುಗ್ಸು' ಅಂತಲೇ.

ಒಂದು ದಿನ ಬಂದು, ನಾಯಕರು ತಮ್ಮನ್ನು ಹೊಗಳುವ ಹಾಗೆ ಎಐನಲ್ಲಿ ವಿಡಿಯೋ ಮಾಡಿಕೊಡಬೇಕು ಅಂದರು. ಕಂಬಿ ಎಣಿಸುವುದಕ್ಕೆ ನಾನು ತಯಾರಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಅಂದೆ. ನೋಡಿಕೊಂಡರು. ಎರಡೇ ದಿನದಲ್ಲಿ ವಿಡಿಯೋ ವಾಟ್ಸಾಪಿನಲ್ಲಿ ಓಡಾಡತೊಡಗಿತು. ನಾಯಕರು ಅಚ್ಚ ಕನ್ನಡದಲ್ಲಿ, ನಜರ್‌ಬಾದಿನ ಶಾಮಿಯಾನ ವ್ಯಾಪಾರಿ ನನ್ನ ಬಲಗೈ, ಇಂಥವರು ಪಾಲಿಕೆಯಲ್ಲಿ ಇರಬೇಕು ಅಂತ ತುಟಿ ಆಡಿಸಿ ಹೇಳುತ್ತಿದ್ದರು.

ನಕಲಿ ಅಂತ ಕಂಡುಹಿಡಿಯಲು ಯಾರಿಗೂ ಯಂತ್ರ ಬೇಕಾಗಲಿಲ್ಲ. ನಮ್ಮ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ಒಬ್ಬರು ಒಂದೇ ಸಲ ನೋಡಿ ಹೇಳಿಬಿಟ್ಟರು: ಶುರು ಮಾಡಿದ ವಾಕ್ಯವನ್ನು ಮುಗಿಸಿದ್ದಾರೆ, ಯಾರನ್ನೂ ಬೈದಿಲ್ಲ, ಇದು ಅವರಲ್ಲ. ಶಾಮಿಯಾನದವರಿಗೆ ಜ್ವರ ಬಂತು. ನಾಯಕರ ಮನೆಯಿಂದ ಕರೆ ಬಂದಾಗ ಟಿಕೆಟ್ ಹೋಯಿತು, ಜೊತೆಗೆ ನಾನೂ ಹೋದೆ ಅಂದುಕೊಂಡು ಕಾಲಿಗೆ ಬೀಳಲು ಸಿದ್ಧರಾಗಿಯೇ ಹೋದರು.

ವಾಪಸ್ ಬಂದಾಗ ಮುಖ ಅರಳಿತ್ತು. ನಾಯಕರು ವಿಡಿಯೋವನ್ನು ಮೂರು ಸಲ ಹಾಕಿ ನೋಡಿದರಂತೆ. ಬೈಯಲೇ ಇಲ್ಲವಂತೆ. ಕೊನೆಗೆ ತಮ್ಮ ಆಪ್ತ ಸಹಾಯಕರ ಕಡೆ ತಿರುಗಿ, "ಯಾವ ಸಭೇಲಿ ಮಾತಾಡಿದ್ದಯ್ಯಾ ಇದು? ಬೋ ಚೆನ್ನಾಗಿ ಮಾತಾಡಿದೀನಿ, ಎಲ್ಲಾ ಗ್ರೂಪಿಗೂ ಹಾಕು" ಅಂದರಂತೆ.

ಭಾವಪೂರ್ಣ ಶ್ರದ್ಧಾಂಜಲಿ

ನಾಯಕರೇ ಹಂಚಿದ ಮೇಲೆ ಕೇಳಬೇಕೆ, ಶಾಮಿಯಾನದವರ ಕಾಲು ನೆಲದ ಮೇಲಿರಲಿಲ್ಲ. ಊರಿನ ಪ್ರತಿ ಸುಖದುಃಖದಲ್ಲೂ ಮೊದಲು ತಾನೇ ಇರಬೇಕು ಅಂತ ನಿರ್ಧರಿಸಿದರು. ಸುಖಕ್ಕಿಂತ ದುಃಖದಲ್ಲಿ ಓಟು ಜಾಸ್ತಿ ಅಂತ ಅವರ ಲೆಕ್ಕ.

ಒಂಟಿಕೊಪ್ಪಲಿನಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ಟರು ಇದ್ದಾರೆ. ನಜರ್‌ಬಾದಿನ ಅರ್ಧ ಜನ ಅವರ ಕೈಯಲ್ಲಿ ಬೆತ್ತದ ಏಟು ತಿಂದವರೇ. ಅವರು ತೀರಿಕೊಂಡರು ಅಂತ ಒಂದು ಬೆಳಗ್ಗೆ ವಾಟ್ಸಾಪಿನಲ್ಲಿ ಸುದ್ದಿ ಬಂತು. ಶಾಮಿಯಾನದವರು ಓಡಿ ಬಂದರು. ಮನೆಗೆ ಫೋನ್ ಮಾಡಿ ಕೇಳಿದಿರಾ ಅಂದೆ. ದುಃಖದಲ್ಲಿರುವವರಿಗೆ ತೊಂದರೆ ಕೊಡಬಾರದು ಅಕ್ಕ ಅಂದರು. ಎಷ್ಟು ಸೂಕ್ಷ್ಮ ಮನಸ್ಸು. ಮಧ್ಯಾಹ್ನದ ಹೊತ್ತಿಗೆ ಫ್ಲೆಕ್ಸ್ ಮೇಷ್ಟರ ಬೀದಿಯ ತುದಿಯಲ್ಲಿ ಗಾಳಿಗೆ ಆಡುತ್ತಿತ್ತು.

ಸಂಜೆ ಮೇಷ್ಟರು ನಮ್ಮ ಅಂಗಡಿಗೆ ಬಂದರು. ಸತ್ತಿದ್ದು ಅವರದೇ ಹೆಸರಿನ ಬೇರೆ ಯಾರೋ, ಬೇರೆ ಊರಿನವರು. ಇವರು ವಾಕಿಂಗ್ ಮುಗಿಸಿಕೊಂಡು ಬರುವಾಗ ತಮ್ಮ ಶ್ರದ್ಧಾಂಜಲಿಯ ಕೆಳಗೇ ಹಾದುಬಂದಿದ್ದರು. ನಾನು ಎದ್ದು ನಿಂತೆ. ನಮ್ಮ ಯಜಮಾನರು ಒಳಗೆ ಮೆಷಿನ್ನಿನ ಹಿಂದೆ ಮಾಯವಾದರು. ಅಷ್ಟರಲ್ಲಿ ಶಾಮಿಯಾನದವರೂ ಬಂದು, ಮೇಷ್ಟರನ್ನು ನೋಡಿ, ಬಾಗಿಲಲ್ಲೇ ಕೈ ಕಟ್ಟಿಕೊಂಡು ನಿಂತುಬಿಟ್ಟರು. ಐವತ್ತು ದಾಟಿದ ಮನುಷ್ಯ, ಬೆತ್ತಕ್ಕೆ ಕಾಯುವ ಹಾಗೆ.

ಮೇಷ್ಟರು ಕೂಗಾಡಲಿಲ್ಲ. ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನಲ್ಲಿದ್ದ ಡಿಸೈನನ್ನು ಸಾವಕಾಶವಾಗಿ ನೋಡಿದರು. ಅದರಲ್ಲಿ ಶಾಮಿಯಾನದವರು ಆಳೆತ್ತರಕ್ಕೆ ಕೈ ಮುಗಿದು ನಿಂತಿದ್ದರು. ಮೇಷ್ಟರು ಮೂಲೆಯಲ್ಲಿ, ಒಂದು ಹಣತೆಯ ಪಕ್ಕದಲ್ಲಿ, ಬಟ್ಟಲಗಲ ಇದ್ದರು. "ಬೇಜಾರಿಲ್ಲ ಕಣಮ್ಮ" ಅಂದರು ನನಗೆ. "ಆದರೆ ಇದರಲ್ಲಿ ಸತ್ತಿರೋದು ನಾನೋ ಇವನೋ ಅಂತ ಬೀದಿಯೋರಿಗೆಲ್ಲಾ ಅನುಮಾನ ಬಂದಿದೆ. ಇಬ್ಬರಲ್ಲಿ ಒಬ್ಬರನ್ನ ಸರಿಯಾಗಿ ತೀರ್ಮಾನ ಮಾಡಿ ಹಾಕಿ."

ಮಹಿಳೆಗೆ ಮೀಸಲು

ಇಷ್ಟೆಲ್ಲ ಪಾಡು ಪಟ್ಟ ಮೇಲೆ ಮೀಸಲಾತಿ ಪ್ರಕಟವಾಯಿತು. ಶಾಮಿಯಾನದವರ ವಾರ್ಡು ಮಹಿಳೆಗೆ ಹೋಗಿತ್ತು. ಅವತ್ತು ಅವರು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತಾಗ ನನಗೆ ನಿಜವಾಗಿಯೂ ಸಂಕಟವಾಯಿತು. ಇಷ್ಟು ವರ್ಷದ ಆಸೆ ಒಂದು ಸಾಲಿನಲ್ಲಿ ಮುಗಿದಿತ್ತು. ಟೀ ತರಿಸಿದೆ. ಅರ್ಧ ಟೀ ಕುಡಿಯುವಷ್ಟರಲ್ಲಿ ಅವರ ಮುಖಕ್ಕೆ ರಕ್ತ ಬಂತು. ತಮಗೆ ಹೆಂಡತಿ ಇದ್ದಾರೆ ಅನ್ನುವುದು ಅವರಿಗೆ ಆಗ ನೆನಪಾಗಿತ್ತು.

ಮನೆಯವರನ್ನು ಕೇಳಿದಿರಾ ಅಂದೆ. "ಅವಳನ್ನೇನ್ ಕೇಳೋದಕ್ಕ? ನಿಲ್ಲೋಳು ಅವಳು, ನಡೆಸೋನು ನಾನು" ಅಂದರು. ನನಗೆ ಮೈ ಉರಿಯಿತು. ಆ ತಾಯಿ ನನಗೆ ಗೊತ್ತಿದ್ದವರು. ಪಾತ್ರೆ ಬಾಡಿಗೆಯ ವ್ಯವಹಾರ ಪೂರ್ತಿ ಅವರೇ ನೋಡಿಕೊಳ್ಳುತ್ತಾರೆ, ವಾರ್ಡಿನ ಯಾವ ಮನೆಯ ಮದುವೆಯಾದರೂ ಹೆಂಗಸರು ಮೊದಲು ಹೋಗುವುದು ಅವರ ಬಳಿಗೇ. ಇದನ್ನೆಲ್ಲ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಅಂಗಡಿಯ ಬೋರ್ಡಿನಲ್ಲೂ ಮಾಲೀಕರು ಅಂತ ಇರುವುದು ನಮ್ಮ ಯಜಮಾನರ ಹೆಸರೇ ಅನ್ನುವುದು ನೆನಪಿಗೆ ಬಂದು ಬಾಯಿ ಮುಚ್ಚಿಕೊಂಡೆ.

ಹೆಂಡತಿಯ ಫೋಟೋ ಕೇಳಿದರೆ ಅವರ ಹತ್ತಿರ ಕೆಲಸಕ್ಕೆ ಬರುವಂಥದ್ದು ಇದ್ದದ್ದು ಒಂದೇ, ಮದುವೆಯದು. ಉಳಿದ ಎಲ್ಲ ಫೋಟೋಗಳಲ್ಲೂ ಆಕೆ ಯಾರಿಗಾದರೂ ಬಡಿಸುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಮೂವತ್ತು ವರ್ಷದ ಹಿಂದಿನ ಮಬ್ಬು ಫೋಟೋವನ್ನು ಎಐಗೆ ಕೊಟ್ಟು ಸ್ಪಷ್ಟ ಮಾಡು ಅಂದೆ. ಅದಕ್ಕೆ ನಮ್ಮ ಕಡೆಯ ಮೈಬಣ್ಣ ಕಂಡರೆ ಏನಾಗುತ್ತದೋ, ಹೇಳದೆಯೇ ಬೆಳ್ಳಗೆ ಮಾಡಿಬಿಟ್ಟಿತು. ಮೂಗನ್ನೂ ನೇರ ಮಾಡಿತು. ಇದು ನಿಮ್ಮ ಮನೆಯವರಲ್ಲ, ಈಗಿನ ಒಂದು ಫೋಟೋ ತೆಗೆದುಕೊಂಡು ಬನ್ನಿ ಅಂದೆ. ಟೈಮಿಲ್ಲ ಅಕ್ಕ, ಓಡಲಿ ಅಂದರು. ಫ್ಲೆಕ್ಸಿನಲ್ಲಿ ಒಂದು ಕಡೆ ನರೆತ ಮೀಸೆಯ ಅವರು, ದೊಡ್ಡದಾಗಿ. ಪಕ್ಕದಲ್ಲಿ ಇಪ್ಪತ್ತು ವರ್ಷದ ಬೆಳ್ಳನೆಯ ಹುಡುಗಿ, ಮೈತುಂಬ ಮಲ್ಲಿಗೆ, ಅವರ ಅರ್ಧದಷ್ಟು. ಕೆಳಗೆ ಗಂಡನ ಹೆಸರು ದಪ್ಪಕ್ಷರದಲ್ಲಿ, ಅದರ ಮುಂದೆ ಸಣ್ಣಗೆ 'ಧರ್ಮಪತ್ನಿ'.

ಮೂರನೇ ದಿನ ನರಸೀಪುರದ ಬಸ್ಸಿನಿಂದ ಇಳಿದ ಒಬ್ಬ ದಢೂತಿ ಮನುಷ್ಯ ಆ ಫ್ಲೆಕ್ಸ್ ನೋಡಿ ನಿಂತುಬಿಟ್ಟರು. ಅವರು ಆ ತಾಯಿಯ ಅಣ್ಣ. ಬಾವನವರು ಈ ವಯಸ್ಸಿನಲ್ಲಿ ಎರಡನೇ ಮದುವೆ ಮಾಡಿಕೊಂಡದ್ದಲ್ಲದೆ ಅದನ್ನು ಸರ್ಕಲ್ಲಿನಲ್ಲಿ ತೂಗುಹಾಕಿದ್ದಾರೆ ಅಂತ ತಿಳಿದು ನೇರವಾಗಿ ಮನೆಗೆ ನುಗ್ಗಿದರು. ಶಾಮಿಯಾನದವರು ಹಿತ್ತಲ ಗೋಡೆ ಹಾರಿ ನಮ್ಮ ಅಂಗಡಿಗೆ ಬಂದು, ಪ್ರಿಂಟಿಂಗ್ ಮೆಷಿನ್ನಿನ ಪಕ್ಕದಲ್ಲಿ ಸಂಜೆಯವರೆಗೆ ಕೂತಿದ್ದರು.

ಮನೆಯಲ್ಲಿ ನಡೆದದ್ದನ್ನು ಆ ತಾಯಿಯೇ ಆಮೇಲೆ ನನಗೆ ನಗುತ್ತಾ ಹೇಳಿದರು. ಅದು ನಾನೇ ಕಣಣ್ಣ ಅಂತ ಎಷ್ಟು ಹೇಳಿದರೂ ಅಣ್ಣ ನಂಬಲಿಲ್ಲವಂತೆ. ತಂಗಿಯ ಮುಖವನ್ನು ಒಂದು ಸಲ ನೋಡಿದರಂತೆ, ಫೋನಿನಲ್ಲಿ ತೆಗೆದುಕೊಂಡಿದ್ದ ಫ್ಲೆಕ್ಸಿನ ಫೋಟೋವನ್ನು ಒಂದು ಸಲ ನೋಡಿದರಂತೆ. ಆಮೇಲೆ ಕಣ್ಣೀರು ಹಾಕಿಕೊಂಡು, "ಇಂಗೆಲ್ಲಾ ಸುಳ್ ಹೇಳಿ ಗಂಡನ್ನ ಉಳಿಸ್ಕೋಬ್ಯಾಡ ಕಣವ್ವ" ಅಂದರಂತೆ.

ಸೊಸೆಯನ್ನು ಕರೆಯಿರಿ

ಕೊನೆಗೆ ಟಿಕೆಟ್ ಆ ಮನೆಗೆ ಬರಲಿಲ್ಲ. ಇದರ ಹಿಂದೆ ಮೇಲಿನವರ ಪಿತೂರಿ ಇದೆ ಅಂತ ಶಾಮಿಯಾನದವರು ಇವತ್ತಿಗೂ ಸಿಕ್ಕಿದವರ ಮುಂದೆಲ್ಲ ಹೇಳುತ್ತಾರೆ. ಆ ಪಿತೂರಿ ನಡೆದಾಗ ನಾನು ಅಲ್ಲೇ ಇದ್ದೆ. ಅದು ಕಾಫಿ ತಟ್ಟೆ ಹಿಡಿದುಕೊಂಡು ಬಂದಿತ್ತು.

ಟಿಕೆಟ್ ಯಾರಿಗೆ ಕೊಡಬಹುದು ಅಂತ ಮನೆಮನೆಗೆ ಹೋಗಿ ನೋಡಲು ಪಕ್ಷದಿಂದ ಇಬ್ಬರು ವೀಕ್ಷಕರು ಬರುವವರಿದ್ದರು. ಪ್ರಚಾರಕ್ಕೆ ಎಲ್ಲ ತಯಾರಾಗಿದೆ ಅಂತ ತೋರಿಸಲು ಶಾಮಿಯಾನದವರು ಡಿಸೈನುಗಳ ಸಮೇತ ನನ್ನನ್ನೂ ಬರಹೇಳಿದ್ದರು. ಅಣ್ಣನ ಗಲಾಟೆ ಆದ ಮೇಲಾದರೂ ಆ ಹುಡುಗಿಯ ಫೋಟೋ ಬದಲಾಯಿಸುತ್ತಾರೆ ಅಂದುಕೊಂಡಿದ್ದೆ. ಬದಲಾಯಿಸಿರಲಿಲ್ಲ. ನಡುಮನೆಯ ಗೋಡೆಯ ತುಂಬ ಅದೇ ಫ್ಲೆಕ್ಸ್.

ವೀಕ್ಷಕರು ಬೆಂಗಳೂರಿನವರು, ವಯಸ್ಸಿನಲ್ಲಿ ಚಿಕ್ಕವರು. ಸೋಫಾದ ಮೇಲೆ ಕೂತು ಫ್ಲೆಕ್ಸನ್ನು ಮೆಚ್ಚಿಕೊಂಡು ನೋಡಿದರು. ಯುವ ಮುಖಗಳಿಗೆ ಈ ಸಲ ಆದ್ಯತೆ ಇದೆ ಅಂದರು. ಶಾಮಿಯಾನದವರ ಎದೆ ಉಬ್ಬಿತು. ಅಭ್ಯರ್ಥಿಗೆ ಸಾರ್ವಜನಿಕ ಅನುಭವ ಇದೆಯೇ ಅಂತ ಒಬ್ಬರು ಕೇಳಿದರು.

"ಅವಳ ಅನುಭವ ಕಟ್ಕೊಂಡು ಏನಾಗ್ಬೇಕು ಸಾರ್" ಅಂದರು ಶಾಮಿಯಾನದವರು. "ಗೆದ್ಮೇಲೆ ಮೀಟಿಂಗು, ಕಾಮಗಾರಿ ಎಲ್ಲಾ ನಾನೇ. ವಾರ್ಡ್‌ನ ನನ್ ಕೈಗೆ ಕೊಟ್ಟಿದೀವಿ ಅಂದ್ಕೊಬುಡಿ."

ವೀಕ್ಷಕರು ಇದು ಹೊಸ ಮಾತೇನಲ್ಲ ಅನ್ನುವ ಹಾಗೆ ತಲೆ ಆಡಿಸಿದರು. ಆ ಹೊತ್ತಿಗೆ ಅಡುಗೆಮನೆಯಿಂದ ಆ ತಾಯಿ ಕಾಫಿ ತಂದರು. ಹಳೆಯ ವಾಯಿಲ್ ಸೀರೆ, ನರೆತ ಕೂದಲಿನ ತುರುಬು. ಬೆಳಗಿನಿಂದ ಯಾವುದೋ ಮದುವೆಗೆ ಕೊಳಗ, ಸೌಟು ಲೆಕ್ಕ ಮಾಡಿ ಕಳಿಸಿದ್ದರು, ಸೆರಗನ್ನು ಇನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಒಬ್ಬ ವೀಕ್ಷಕರು ತುಂಬಾ ಗೌರವದಿಂದ ಎದ್ದು ಲೋಟ ತೆಗೆದುಕೊಂಡು, ಗೋಡೆಯ ಕಡೆ ಕೈ ತೋರಿಸಿ ಹೇಳಿದರು. "ಅಮ್ಮ, ಸೊಸೆಯವರನ್ನ ಸ್ವಲ್ಪ ಕರೀತೀರಾ? ಅವರ ಜೊತೆ ಎರಡು ಮಾತಾಡಬೇಕಿತ್ತು."

ಶಾಮಿಯಾನದವರು ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನು ನೋಡಿದೆ. ಅದು ನಾನೇ ಅನ್ನು ಅಂತ ಹೆಂಡತಿಗೆ ಕಣ್ಣಲ್ಲಿ ಹೇಳಬೇಕೋ, ನಾನಲ್ಲ ಅನ್ನು ಅಂತ ಹೇಳಬೇಕೋ ಅವರಿಗೇ ಗೊತ್ತಾಗದೆ ಹುಬ್ಬು ಒಂದು ಕಡೆ, ಮೀಸೆ ಒಂದು ಕಡೆ ಹೋಗಿತ್ತು. ಆ ತಾಯಿ ಅವಸರ ಪಡಲಿಲ್ಲ. ಉಳಿದ ಲೋಟಗಳನ್ನು ಟೀಪಾಯಿಯ ಮೇಲೆ ಇಟ್ಟರು. ಸೊಂಟದ ಸೆರಗು ಬಿಡಿಸಿ ಕೈ ಒರೆಸಿಕೊಂಡರು. ಗೋಡೆಯ ಮೇಲಿನ ಹುಡುಗಿಯನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ ವೀಕ್ಷಕರ ಕಡೆ ತಿರುಗಿದರು.

"ಅದೂ ನಾನೇ ಕಣಪ್ಪ. ನಮ್ಮಪ್ಪ ನನ್ನ ಇವರ ಕೈಗೆ ಕೊಟ್ಟಾಗ ಅಂಗಿದ್ದೆ, ಈಗ ಇಂಗಾಗಿದೀನಿ. ವಾರ್ಡ್‌ನೂ ಇವರ ಕೈಗೇ ಕೊಡ್ತೀವಿ ಅಂದ್ರೆ ಕೊಡಿ, ನಂದೇನೂ ಅಭ್ಯಂತರ ಇಲ್ಲ."